ಬೆರ್ಜಿಯಾರಹ್: ಇಂಡೋನೇಷ್ಯದ ಒಂದು ಕ್ರಿಯಾಪದ, ಕಲಬುರಗಿಯ ಒಂದು ಮಾತು

ಬೆರ್ಜಿಯಾರಹ್ ಇಂಡೋನೇಷ್ಯನ್ ಭಾಷೆಯ ಒಂದು ಅಕರ್ಮಕ ಕ್ರಿಯಾಪದ. ಜನ ಪವಿತ್ರವೆಂದು, ಪೂಜ್ಯವೆಂದು ನಂಬಿದ ಜಾಗಕ್ಕೆ, ಹೆಚ್ಚಾಗಿ ಒಂದು ಸಮಾಧಿಗೆ, ಗೌರವದಿಂದ ಹೋಗಿಬರುವುದು ಎಂಬುದು ಅದರ ಅರ್ಥ. ಅರಬ್ಬಿಯ ‘ಜಿಯಾರಾ’ ಎಂಬ ನಾಮಪದದ ಮುಂದೆ ಇಂಡೋನೇಷ್ಯನ್ನಿನ ‘ಬೆರ್’ ಎಂಬ ಪೂರ್ವಪ್ರತ್ಯಯ ಸೇರಿ ಈ ಪದವಾಗಿದೆ. ಇದನ್ನು ಕನ್ನಡಕ್ಕೆ ತರುವಾಗ ‘ತೀರ್ಥಯಾತ್ರೆ ಮಾಡು’ ಎಂಬ ಮಾತು ಮೊದಲು ನೆನಪಾಗುತ್ತದೆ. ಆದರೆ ಅದು ಒಗ್ಗುವುದಿಲ್ಲ. ತೀರ್ಥಯಾತ್ರೆ ಎಂದರೆ ಅಲ್ಲಿ ನೀರಿದೆ, ಮೀಯುವುದಿದೆ, ದೂರದ ದಾರಿಯಿದೆ. ಬೆರ್ಜಿಯಾರಹ್‌ಗೆ ಊರ ಹೊರಗಿನ ಅಜ್ಜನ ಗೋರಿಯಾದರೂ ಸಾಕು. ಇದಕ್ಕೆ ಸರಿಯಾಗಿ ಹೊಂದುವ ಕನ್ನಡ ಮಾತು ಕಲಬುರಗಿಯ ಮೋಮಿನಪುರದಂಥ ಬಡಾವಣೆಗಳಲ್ಲಿ ಮೊದಲಿನಿಂದಲೂ ಇದೆ: ಜಿಯಾರತ್ ಮಾಡು. ಒಂದೇ ಅರಬ್ಬಿ ಬೇರಿನಿಂದ ಒಂದು ಕವಲು ಕಡಲು ದಾಟಿ ಜಾವಾಕ್ಕೆ ಹೋಯಿತು, ಇನ್ನೊಂದು ಫಾರಸಿಯ ಜೊತೆ ನೆಲದ ದಾರಿಯಲ್ಲಿ ದಖನ್ನಿಗೆ ಬಂತು. ಈ ಲೇಖನ ಆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತದೆ.

ಬೇರು

ಅರಬ್ಬಿಯಲ್ಲಿ ಜ-ವ-ರ ಎಂಬ ಮೂರು ವ್ಯಂಜನಗಳ ಧಾತುವಿನಿಂದ ‘ಜಾರ’ (ಭೇಟಿಕೊಟ್ಟನು) ಎಂಬ ಕ್ರಿಯೆಯೂ ‘ಜಿಯಾರಾ’ (ಭೇಟಿ) ಎಂಬ ನಾಮಪದವೂ ಹುಟ್ಟಿವೆ. ಅಲ್ಲಿ ಇದು ತೀರ ಸಾಮಾನ್ಯ ಪದ. ನೆಂಟರ ಮನೆಗೆ ಹೋದರೂ ಜಿಯಾರಾ, ಒಂದು ದೇಶದ ಮಂತ್ರಿ ಇನ್ನೊಂದು ದೇಶಕ್ಕೆ ಹೋದರೂ ಜಿಯಾರಾ. ಅದೇ ಧಾತುವಿನಿಂದ ‘ಮಜಾರ್’ ಬಂದಿದೆ. ಅಕ್ಷರಶಃ ‘ಭೇಟಿಕೊಡುವ ಜಾಗ’ ಎಂದು ಅದರ ಅರ್ಥವಾದರೂ ದಖನ್ನಿನಲ್ಲಿ ಅದು ಸಂತರ ಗೋರಿಗೆ ನಿಂತ ಹೆಸರು. ಸಮಾಧಿಗಳಿಗೆ ಹೋಗುವುದನ್ನು ಪ್ರವಾದಿ ಮುಹಮ್ಮದರು ಮೊದಲು ತಡೆದಿದ್ದರು, ಆಮೇಲೆ ಅದು ಪರಲೋಕವನ್ನು ನೆನಪಿಸುತ್ತದೆಂದು ಒಪ್ಪಿದರು ಎಂಬ ಹದೀಸಿನಲ್ಲಿಯೂ ಈ ಧಾತುವಿನ ಕ್ರಿಯೆಯೇ ಬಳಕೆಯಾಗಿದೆ. ಪದ ಗೋರಿಯ ಕಡೆಗೆ ವಾಲಿದ್ದಕ್ಕೆ ಇಂಥ ಧಾರ್ಮಿಕ ಪಾಠಗಳು ಒಂದು ಕಾರಣ.

ಪದದ ಕೊನೆಯ ಅಕ್ಷರದಲ್ಲಿ ಅದು ಬಂದ ದಾರಿಯ ಗುರುತು ಉಳಿದಿದೆ. ಅರಬ್ಬಿಯ ಇಂಥ ಸ್ತ್ರೀಲಿಂಗ ಪದಗಳ ಕೊನೆಯಲ್ಲಿ ಒಮ್ಮೆ ‘ಹ್’ ಎಂದೂ ಒಮ್ಮೆ ‘ತ್’ ಎಂದೂ ಕೇಳುವ ಒಂದು ಅಕ್ಷರವಿದೆ. ಫಾರಸಿ ಇವುಗಳಲ್ಲಿ ಬಹಳಷ್ಟನ್ನು ‘ತ್’ ಮಾಡಿಕೊಂಡಿತು. ಆದ್ದರಿಂದ ಫಾರಸಿಯ ಮೂಲಕ ಕನ್ನಡಕ್ಕೆ ಬಂದವು ಬರಕತ್ತು, ಕರಾಮತ್ತು, ದೌಲತ್ತು, ಜಿಯಾರತ್ತು ಎಂದಾದವು. ಇಂಡೋನೇಷ್ಯನ್ನಿನಲ್ಲಿ ಎರಡೂ ಬಗೆಯವು ಕಾಣುತ್ತವೆ. ಬೆರ್ಕತ್, ದೌಲತ್, ಹಿಕಾಯತ್ ಒಂದು ಕಡೆ. ಜಿಯಾರಹ್, ಮುಶಾವರಹ್ ಇನ್ನೊಂದು ಕಡೆ. ‘ತ್’ ಪದಗಳು ಭಾರತ ಮತ್ತು ಫಾರಸಿಯ ನಂಟಿನಿಂದಲೂ ‘ಹ್’ ಪದಗಳು ನೇರವಾಗಿ ಅರಬ್ಬಿ ಗ್ರಂಥಗಳಿಂದಲೂ ಬಂದಿರಬೇಕು ಎಂಬುದು ಭಾಷಾವಿದ್ವಾಂಸರ ಒಂದು ವಾದ. ಮೊದಲಕ್ಷರದ ಸಂಗತಿಯೂ ಸ್ವಾರಸ್ಯದ್ದು. ಅರಬ್ಬಿಯಲ್ಲಿ ಹಲ್ಲಿನ ಸಂದಿಯಿಂದ ಝೇಂಕರಿಸಿ ಬರುವ ಆ ಧ್ವನಿ ಜಾವಾದ ಹಳ್ಳಿಗರಿಗೂ ಒಲಿಯಲಿಲ್ಲ, ನಮ್ಮವರಿಗೂ ಒಲಿಯಲಿಲ್ಲ. ಇಬ್ಬರ ಬಾಯಲ್ಲಿಯೂ ಅದು ‘ಜ’ ಆಯಿತು.

ಮೋಮಿನಪುರ ಎಂಬ ಹೆಸರಿನಲ್ಲಿಯೂ ಇಂಥದೇ ಒಂದು ಉದಾಹರಣೆ ಅಡಗಿದೆ. ಅರಬ್ಬಿಯ ‘ಮುಅ್‌ಮಿನ್’, ಅಂದರೆ ನಂಬಿದವನು, ದಖನ್ನಿನಲ್ಲಿ ‘ಮೋಮಿನ್’ ಆಗಿ ನೇಕಾರ ಸಮುದಾಯವೊಂದರ ಹೆಸರೂ ಆಯಿತು. ನಡುವಿನ ಗಂಟಲ ತಡೆಯನ್ನು ನಾವು ಸ್ವರವನ್ನೆಳೆದು ಮರೆಸಿದೆವು. ಇಂಡೋನೇಷ್ಯದವರು ಅದನ್ನು ‘ಕ್’ ಎಂದು ಬರೆದಿಟ್ಟರು: ‘ಮುಕ್ಮಿನ್’. ಇದೇ ರೀತಿಯಲ್ಲಿ ಅರಬ್ಬಿಯ ‘ರಈಯತ್’ ಅಲ್ಲಿ ‘ರಕ್ಯತ್’ ಆಗಿ ಪ್ರಜೆಗಳೆಲ್ಲರನ್ನೂ ಸೂಚಿಸುತ್ತದೆ. ಕನ್ನಡದಲ್ಲಿ ಅದು ‘ರೈತ’ ಆಗಿ ಹೊಲದಲ್ಲಿ ನಿಂತಿತು.

ರೂಪ ಮತ್ತು ವ್ಯಾಕರಣ

ಇಂಡೋನೇಷ್ಯನ್ನಿನಲ್ಲಿ ಕ್ರಿಯಾಪದ ಕಾಲಕ್ಕೆ, ಲಿಂಗಕ್ಕೆ, ವಚನಕ್ಕೆ ತಕ್ಕಂತೆ ಬದಲಾಗುವುದಿಲ್ಲ. ನಿನ್ನೆ ಹೋದರೂ ನಾಳೆ ಹೋಗುವುದಿದ್ದರೂ ಬೆರ್ಜಿಯಾರಹ್. ಆಗಿದೆ ಎನ್ನಲು ‘ಸುದಹ್’, ಆಗಲಿದೆ ಎನ್ನಲು ‘ಅಕನ್’ ಎಂಬ ಪದವನ್ನು ಅದಕ್ಕೆ ಮೊದಲು ಇಟ್ಟರೆ ಮುಗಿಯಿತು. ಬದಲಾವಣೆಯೆಲ್ಲ ಪ್ರತ್ಯಯಗಳದು. ‘ಬೆರ್’ ಹತ್ತಿದರೆ ಕ್ರಿಯೆ ಅಕರ್ಮಕ. ಹೋಗುವ ಜಾಗವನ್ನು ಹೇಳಲು ‘ಕೆ’ ಎಂಬ ಅವ್ಯಯ ಬೇಕು: ‘ಕಮಿ ಬೆರ್ಜಿಯಾರಹ್ ಕೆ ಮಕಾಮ್ ಕಕೆಕ್’, ನಾವು ಅಜ್ಜನ ಸಮಾಧಿಗೆ ಹೋಗಿಬಂದೆವು. ಮೊದಲಿಗೆ ‘ಮೆನ್’, ಕೊನೆಗೆ ‘ಇ’ ಸೇರಿ ‘ಮೆನ್ಜಿಯಾರಹಿ’ ಆದರೆ ಅದು ಸಕರ್ಮಕ. ಸಮಾಧಿಯೇ ನೇರವಾಗಿ ಕರ್ಮವಾಗುತ್ತದೆ. ‘ದಿಜಿಯಾರಹಿ’ ಕರ್ಮಣಿ ರೂಪ. ಜನ ಎಡೆಬಿಡದೆ ಬರುವ ಗೋರಿಯ ಬಗ್ಗೆ ಮಾತಾಡುವಾಗ ಇದೇ ಹೆಚ್ಚು ಕೇಳುತ್ತದೆ. ಹೋಗಿಬರುವವರು ‘ಪೆಜಿಯಾರಹ್’.

‘ಬೆರ್’ ಯಾವ ಮೂಲದ ಪದಕ್ಕಾದರೂ ಹತ್ತುತ್ತದೆ. ಸಂಸ್ಕೃತದ ವಿಚಾರ ಅಲ್ಲಿ ‘ಬಿಚಾರ’ ಆಗಿ ‘ಬೆರ್ಬಿಚಾರ’ ಎಂದರೆ ಮಾತಾಡು ಎಂದಾಗುತ್ತದೆ. ಉಪವಾಸ ‘ಪುಆಸ’ ಆಗಿ ‘ಬೆರ್ಪುಆಸ’ ಎಂದರೆ ಉಪವಾಸ ಮಾಡು. ಅರಬ್ಬಿಯ ದುವಾ ‘ದೋಆ’ ಆಗಿ ‘ಬೆರ್ದೋಆ’ ಎಂದರೆ ಪ್ರಾರ್ಥಿಸು. ಕನ್ನಡದ ಪದ್ಧತಿ ಬೇರೆ. ಸಂಸ್ಕೃತದ ನಾಮಪದಕ್ಕೆ ನಾವು ‘ಇಸು’ ಹಚ್ಚಿ ವಿಚಾರಿಸು, ಪ್ರಾರ್ಥಿಸು ಎನ್ನುತ್ತೇವೆ. ಬದಲಾಯಿಸು, ಜಮಾಯಿಸು, ಚಲಾಯಿಸು ಎಂಬವುಗಳಲ್ಲಿ ಹಿಂದುಸ್ತಾನಿಯ ಕ್ರಿಯಾಪದಗಳಿಗೂ ಅದೇ ಪ್ರತ್ಯಯ. ಅರಬ್ಬಿ-ಫಾರಸಿ ನಾಮಪದಗಳಿಗೆ ಮಾತ್ರ ಹೆಚ್ಚಾಗಿ ‘ಮಾಡು’ ಜೊತೆಯಾಗುತ್ತದೆ: ಸಲಾಂ ಮಾಡು, ಕಬೂಲ ಮಾಡು, ಜಿಯಾರತ್ ಮಾಡು. ಮೋಮಿನಪುರದ ದಖನಿ ಉರ್ದುವಿನಲ್ಲಿ ‘ಜ್ಯಾರತ್ ಕರ್ಕೊ ಆಯೇ’ ಎಂದದ್ದು ಪಕ್ಕದ ಮನೆಯ ಕನ್ನಡದಲ್ಲಿ ‘ಜ್ಯಾರತ್ ಮಾಡ್ಕೊಂಡು ಬಂದ್ವಿ’ ಎಂದಾಗುತ್ತದೆ. ಕರ್ಕೊ ಮತ್ತು ಮಾಡ್ಕೊಂಡು ಎಂಬ ಈ ಎರಡು ರೂಪಗಳ ಸಾಮ್ಯ ದಖನಿಯೂ ಕನ್ನಡವೂ ಶತಮಾನಗಟ್ಟಲೆ ಒಂದೇ ಅಂಗಳದಲ್ಲಿ ಬೆಳೆದದ್ದನ್ನು ನೆನಪಿಸುತ್ತದೆ. ‘ಹೋಗಿ ಬಂದೆವು’ ಎಂಬ ಬರುವಿಕೆ ಎರಡರಲ್ಲೂ ತಪ್ಪುವುದಿಲ್ಲ. ಹೋದವರು ಮರಳಿದ್ದನ್ನು ಹೇಳದೆ ನಮ್ಮ ಕಡೆಯ ಮಾತು ಪೂರ್ತಿಯಾಗುವುದೇ ಇಲ್ಲ. ಇಂಡೋನೇಷ್ಯದ ಕ್ರಿಯಾಪದ ಮರಳುವುದನ್ನು ಹೇಳುವುದಿಲ್ಲ.

ಅರ್ಥದ ಅಂಚುಗಳು

ಇಂಡೋನೇಷ್ಯದ ಅಧಿಕೃತ ನಿಘಂಟು ‘ಕಾಮುಸ್ ಬೆಸಾರ್ ಬಹಾಸ ಇಂದೋನೇಸಿಯ’ ಮೊದಲು ಪ್ರಕಟವಾದದ್ದು 1988ರಲ್ಲಿ. ಈ ಕ್ರಿಯೆಯನ್ನು ವಿವರಿಸುವಾಗ ಅದು ಎರಡು ಪದಗಳನ್ನು ಮುಂದಿಡುತ್ತದೆ: ‘ಕೆರಾಮತ್’ ಮತ್ತು ‘ಮಕಾಮ್’. ಎರಡೂ ನಮಗೆ ಗೊತ್ತಿರುವ ಪದಗಳೇ, ಆದರೆ ಬೇರೆ ವೇಷದಲ್ಲಿ. ಕೆರಾಮತ್ ಎಂದರೆ ಅಲ್ಲಿ ಪವಿತ್ರ, ಪವಾಡಶಕ್ತಿಯುಳ್ಳದ್ದು. ಅದೇ ನಮ್ಮಲ್ಲಿ ‘ಕರಾಮತ್ತು’ ಆಗಿ ಸಂತರ ಪವಾಡದಿಂದ ಕೈಚಳಕದವರೆಗೆ ಇಳಿದುಬಂತು. ಡಚ್ಚರು ಗಡಿಪಾರು ಮಾಡಿದ ಮಕಾಸ್ಸರಿನ ಶೇಖ್ ಯೂಸುಫ್ ದಕ್ಷಿಣ ಆಫ್ರಿಕದ ಕೇಪ್‌ನಲ್ಲಿ 1699ರಲ್ಲಿ ತೀರಿಕೊಂಡ ಮೇಲೆ ಅಲ್ಲಿಯ ಸಂತರ ಗೋರಿಗಳಿಗೂ ‘ಕ್ರಮತ್’ ಎಂಬ ಹೆಸರೇ ನಿಂತಿದೆ. ಮಕಾಮ್ ಎಂದರೆ ಅರಬ್ಬಿಯಲ್ಲಿ ನಿಲ್ಲುವ ಜಾಗ. ಇಂಡೋನೇಷ್ಯದಲ್ಲಿ ಅದು ಮನುಷ್ಯ ಕೊನೆಗೆ ನಿಲ್ಲುವ ಜಾಗ, ಸಮಾಧಿ. ಕನ್ನಡದಲ್ಲಿ ಅದೇ ಪದ ‘ಮೊಕ್ಕಾಂ’: ಅಧಿಕಾರಿ ಎರಡು ದಿನ ತಂಗುವ ಊರು. ಗೋರಿಯ ತಲೆಗಲ್ಲಿಗೆ ಅವರು ‘ನಿಸಾನ್’ ಎನ್ನುತ್ತಾರೆ. ಫಾರಸಿಯ ‘ನಿಶಾನ್’ ಅದು, ಅಂದರೆ ಗುರುತು. ನಮ್ಮಲ್ಲಿ ‘ನಿಶಾನೆ’ ಎಂದರೆ ಬಾವುಟ.

ಬೆರ್ಜಿಯಾರಹ್‌ನ ನೆರೆಹೊರೆಯ ಕ್ರಿಯೆಗಳನ್ನು ನೋಡಿದರೆ ಅದರ ಎಲ್ಲೆ ಸ್ಪಷ್ಟವಾಗುತ್ತದೆ. ಸ್ನೇಹಿತರ ಮನೆಗೆ ಹೋಗುವುದಕ್ಕೆ ‘ಬೆರ್ಕುಂಜುಂಗ್’ ಸಾಕು. ಕಾಯಿಲೆಯವರನ್ನು ನೋಡಿಬರುವುದು ‘ಮೆಂಜೆಂಗುಕ್’. ಸಾವಿನ ಮನೆಗೆ ಹೋಗಿ ಮಾತಾಡಿಸಿ ಬರುವುದು ‘ಮೆಲಾಯತ್’. ಇವುಗಳ ಜಾಗದಲ್ಲಿ ಇಂಡೋನೇಷ್ಯದವರು ಬೆರ್ಜಿಯಾರಹ್ ಹಾಕುವುದಿಲ್ಲ. ಮಲೇಷ್ಯದ ಮಲಯದಲ್ಲಿ ಹಾಗಲ್ಲ; ಅಲ್ಲಿ ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋದರೂ ‘ಮೆನ್ಜಿಯಾರಹಿ’ ಎನ್ನಬಹುದು. ಒಂದೇ ಮೂಲದ ಎರಡು ಭಾಷೆಗಳ ನಡುವೆ ತಪ್ಪು ತಿಳಿವಳಿಕೆ ಹುಟ್ಟುವುದು ಇಂಥಲ್ಲೇ. ಬದುಕಿರುವ ಅತ್ತೆಯನ್ನು ಮಲೇಷ್ಯದವರು ‘ಜಿಯಾರಹ್’ ಮಾಡಿದರೆಂದು ಕೇಳಿದ ಇಂಡೋನೇಷ್ಯದವರ ಕಣ್ಣ ಮುಂದೆ ಮೊದಲು ಸುಳಿಯುವುದು ಸ್ಮಶಾನ. ಅರಬ್ಬಿಯ ಅಗಲವಾದ ಅರ್ಥ ಮಲೇಷ್ಯದಲ್ಲಿ ಅರ್ಧ ಉಳಿಯಿತು, ಇಂಡೋನೇಷ್ಯದಲ್ಲಿ ಗೋರಿಗೆ ಬಂದು ನಿಂತಿತು. ಕಲಬುರಗಿಯಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋದದ್ದನ್ನು ಕೆಳಗೆ ನೋಡಬಹುದು.

ಜಾವಾದ ಬಳಕೆ

ಇಂಡೋನೇಷ್ಯದಲ್ಲಿ ಈ ಕ್ರಿಯೆ ಅತಿ ಹೆಚ್ಚು ಕೇಳುವುದು ಜಾವಾದ ‘ವಲಿ ಸೊಂಗೊ’ ಸಮಾಧಿಗಳ ಸುತ್ತ. ವಲಿ ಎಂದರೆ ಸಂತ, ಸೊಂಗೊ ಎಂದರೆ ಜಾವಾ ಭಾಷೆಯಲ್ಲಿ ಒಂಬತ್ತು. ಜಾವಾದಲ್ಲಿ ಇಸ್ಲಾಂ ಬೇರೂರಲು ಕಾರಣರಾದರೆಂದು ಪರಂಪರೆ ನೆನೆಯುವ ಒಂಬತ್ತು ಜನ ಇವರು. ಸುರಬಾಯದ ಸುನನ್ ಅಂಪೆಲ್, ತುಬಾನಿನ ಸುನನ್ ಬೊನಂಗ್, ದೆಮಾಕ್ ಹತ್ತಿರದ ಕದಿಲಂಗುವಿನಲ್ಲಿ ಮಲಗಿರುವ ಸುನನ್ ಕಲಿಜಾಗ, ಪಶ್ಚಿಮದಲ್ಲಿ ಚಿರೆಬೊನಿನ ಸುನನ್ ಗುನುಂಗ್ ಜಾತಿ ಅವರಲ್ಲಿ ಕೆಲವರು. ಇಡೀ ಊರಿನವರು ಕೂಡಿ ಬಸ್ಸು ಗೊತ್ತುಮಾಡಿಕೊಂಡು ಈ ಗೋರಿಗಳನ್ನು ಒಂದಾದ ಮೇಲೊಂದು ನೋಡುತ್ತ ಹೋಗುತ್ತಾರೆ. ಕುಳಿತು ಕುರಾನಿನ ಯಾಸೀನ್ ಸೂರಾ ಓದುತ್ತಾರೆ, ದೇವರೊಬ್ಬನೇ ಎಂಬ ತಹ್ಲೀಲ್ ಹೇಳುತ್ತಾರೆ.

ಒಂಬತ್ತು ಜನರಲ್ಲಿ ಎಲ್ಲರಿಗಿಂತ ಹಿಂದಿನವರಾದ ಗ್ರೆಸಿಕ್‌ನ ಮೌಲಾನಾ ಮಲಿಕ್ ಇಬ್ರಾಹಿಮ್ ತೀರಿಕೊಂಡದ್ದು ಹಿಜರಿ 822ರಲ್ಲಿ, ಅಂದರೆ 1419ರಲ್ಲಿ. ಅವರ ಗೋರಿಯ ಅಮೃತಶಿಲೆಯ ಕಲ್ಲು ಗುಜರಾತಿನ ಖಂಭಾತದ ಕೆತ್ತನೆ. ಸುಮಾತ್ರಾದ ಪಸೈಯ ರಾಣಿ ನಹ್ರಸಿಯಾ 1428ರಲ್ಲಿ ತೀರಿಕೊಂಡಾಗಲೂ ಅದೇ ಖಂಭಾತದ ಕಲ್ಲೇ ಹೋಯಿತು. ಈ ಎರಡು ಸಾವುಗಳ ನಡುವೆ, ಹಿಜರಿ 825ರಲ್ಲಿ, 1422ರಲ್ಲಿ, ಕಲಬುರಗಿಯಲ್ಲಿ ಸೂಫಿ ಸಂತ ಖ್ವಾಜಾ ಬಂದೇನವಾಜ ಗೇಸೂದರಾಜರು ಕಣ್ಮುಚ್ಚಿದರು. ಜಾವಾದ ಮೊದಲ ವಲಿಗೂ ಕಲಬುರಗಿಯ ಖ್ವಾಜಾಗೂ ಮೂರೇ ವರ್ಷದ ಅಂತರ. ಆರು ಶತಮಾನಗಳಿಂದ ಎರಡೂ ಕಡೆ ಜನ ಒಂದೇ ಹೆಸರಿನ ಕೆಲಸಕ್ಕೆ ಬರುತ್ತಲೇ ಇದ್ದಾರೆ.

ಅರಬ್ಬಿ ಪದ ಬರುವ ಮೊದಲು ಜಾವಾದಲ್ಲಿ ಹಿರಿಯರ ಸಮಾಧಿಗೆ ಹೋಗುವುದೇ ಇರಲಿಲ್ಲ ಎಂದಲ್ಲ. ಮಜಪಾಹಿತ ಸಾಮ್ರಾಜ್ಯದಲ್ಲಿ ರಾಜಪತ್ನಿ ಗಾಯತ್ರಿ ತೀರಿಕೊಂಡು ಹನ್ನೆರಡು ವರ್ಷವಾದ ಮೇಲೆ, 1362ರಲ್ಲಿ, ಅವಳಿಗಾಗಿ ದೊಡ್ಡ ಶ್ರಾದ್ಧ ನಡೆದುದನ್ನು ಪ್ರಪಂಚ ಕವಿ 1365ರ ತನ್ನ ಕಾವ್ಯ ‘ನಾಗರಕೃತಾಗಮ’ದಲ್ಲಿ ದಾಖಲಿಸಿದ್ದಾನೆ. ಆ ಶ್ರಾದ್ಧವೇ ಜಾವಾ ನಾಲಗೆಯಲ್ಲಿ ‘ಸದ್ರನ್’ ಆಗಿ, ಅನುನಾಸಿಕ ಪೂರ್ವಪ್ರತ್ಯಯ ಹತ್ತಿ ‘ನ್ಯದ್ರನ್’ ಎಂಬ ಕ್ರಿಯೆಯಾಯಿತು. ಇಂದು ರಂಜಾನಿಗೆ ಮುಂಚಿನ ತಿಂಗಳಲ್ಲಿ ಮುಸಲ್ಮಾನರು ಹಿರಿಯರ ಗೋರಿಗಳನ್ನು ಗುಡಿಸಿ, ಹೂ ಹಾಕಿ, ಕೂಡಿ ಉಣ್ಣುವ ಆಚರಣೆಗೆ ಆ ಹೆಸರಿದೆ. ಆ ತಿಂಗಳನ್ನು ಜಾವಾದವರು ‘ರುವಹ್’ ಎನ್ನುತ್ತಾರೆ. ಆತ್ಮಗಳು ಎಂಬ ಅರ್ಥದ ಅರಬ್ಬಿಯ ‘ಅರ್ವಾಹ್’ ಅದು. ಶ್ರಾದ್ಧ ಎಂಬ ಪದ ಧರ್ಮ ಬದಲಾದರೂ ತನ್ನ ಕೆಲಸ ಬಿಡದೆ ಉಳಿದದ್ದಕ್ಕೆ ಇದಕ್ಕಿಂತ ಚೆಲುವಾದ ಸಾಕ್ಷಿ ನನಗೆ ಕಂಡಿಲ್ಲ.

ಇನ್ನೊಂದು ಜಾವಾ ಕ್ರಿಯೆ ‘ನ್ಯೆಕರ್’. ‘ಸೆಕರ್’ ಎಂದರೆ ಹೂವು. ನ್ಯೆಕರ್ ಎಂದರೆ ಗೋರಿಗೆ ಹೂ ಹಾಕಿಬರುವುದು. ಸಂಸ್ಕೃತದ ‘ಶೇಖರ’, ತಲೆಗೆ ಮುಡಿಯುವ ಹೂವಿನ ಮಾಲೆ, ಅದರ ಮೂಲ. ಗೋರಿಯ ಮೇಲೆ ಉದುರಿಸುವ ಹೂಗಳಲ್ಲಿ ಮಲ್ಲಿಗೆಗೆ ಅವರು ‘ಮೆಲತಿ’ ಎನ್ನುತ್ತಾರೆ, ಅದು ಮಾಲತಿ. ಮನೆಯ ಹಿರಿಯರ ಗೋರಿಯಾದರೆ ನ್ಯೆಕರ್, ವಲಿಗಳ ಗೋರಿಯಾದರೆ ಬೆರ್ಜಿಯಾರಹ್ ಎಂದು ಜಾವಾದವರು ಸಾಮಾನ್ಯವಾಗಿ ಭೇದ ಮಾಡಿದರೂ ಗೆರೆ ಅಷ್ಟು ಬಿಗಿಯಾಗಿಲ್ಲ.

ಮಸೀದಿಯ ಹೊರಗೆ

1928ರ ಅಕ್ಟೋಬರ್ 28ರಂದು ಯುವಕರ ಪ್ರತಿಜ್ಞೆಯಲ್ಲಿ ಮಲಯ ಮೂಲದ ಈ ಭಾಷೆಗೆ ‘ಬಹಾಸ ಇಂದೋನೇಸಿಯ’ ಎಂಬ ಹೆಸರು ನಿಂತ ಮೇಲೆ ಅದರ ಪದಗಳು ಎಲ್ಲ ಧರ್ಮದವರ ಸೊತ್ತಾದವು. ಬೆರ್ಜಿಯಾರಹ್ ಕೂಡ ಹಾಗೆಯೇ. ಮಧ್ಯ ಜಾವಾ ಮತ್ತು ಯೋಗ್ಯಕರ್ತದ ಗಡಿಯ ಸೆಂದಂಗ್‌ಸೊನೊದಲ್ಲಿರುವ ಮರಿಯಮ್ಮನ ಗವಿಗೆ ಹೋಗುವ ಕ್ಯಾಥೊಲಿಕರೂ ತಮ್ಮನ್ನು ‘ಪೆಜಿಯಾರಹ್’ ಎಂದೇ ಕರೆದುಕೊಳ್ಳುತ್ತಾರೆ. 1904ರಲ್ಲಿ ಅಲ್ಲಿಯ ಬುಗ್ಗೆಯ ನೀರಿನಿಂದ ಪಾದ್ರಿ ವಾನ್ ಲಿತ್ 171 ಜನ ಜಾವಾದವರಿಗೆ ದೀಕ್ಷಾಸ್ನಾನ ಕೊಟ್ಟಿದ್ದರು. ಸರ್ಕಾರಕ್ಕೂ ಈ ಪದ ಬೇಕು. ನವೆಂಬರ್ 10, 1945ರ ಸುರಬಾಯ ಕದನದ ನೆನಪಿಗೆ ಆಚರಿಸುವ ವೀರರ ದಿನದಂದು ಅಧಿಕಾರಿಗಳು, ಸೈನಿಕರು, ಶಾಲೆಯ ಮಕ್ಕಳು ‘ತಾಮನ್ ಮಕಾಮ್ ಪಹ್ಲವಾನ್’, ಅಂದರೆ ವೀರರ ಸಮಾಧಿಯ ತೋಟಕ್ಕೆ ಜಿಯಾರಹ್ ಹೋಗುತ್ತಾರೆ. ಪಹ್ಲವಾನ್ ಎಂದರೆ ಅಲ್ಲಿ ದೇಶಕ್ಕಾಗಿ ಹೋರಾಡಿದ ವೀರ. ನಮ್ಮ ಗರಡಿಮನೆಯ ಪೈಲ್ವಾನನೂ ಅದೇ ಪದ.

ಸಾಹಿತ್ಯದಲ್ಲಿ ಇವಾನ್ ಸಿಮಾತುಪಂಗ್ 1969ರಲ್ಲಿ ಪ್ರಕಟಿಸಿದ ಕಾದಂಬರಿಯ ಹೆಸರು ‘ಜಿಯಾರಹ್’. ಬಿ. ಡಬ್ಲ್ಯು. ಪುರ್ಬ ನೆಗಾರ ನಿರ್ದೇಶಿಸಿದ ಅದೇ ಹೆಸರಿನ ಚಲನಚಿತ್ರದಲ್ಲಿ, ಡಚ್ಚರ ದಾಳಿಯ ಕಾಲದಲ್ಲಿ ಹೋದವನು ಮರಳಲಿಲ್ಲವಾಗಿ, ಮುಪ್ಪಾದ ಹೆಂಡತಿ ಗಂಡನ ಗೋರಿಯನ್ನು ಹುಡುಕುತ್ತ ಊರೂರು ಅಲೆಯುತ್ತಾಳೆ. ಗೋರಿ ಎಲ್ಲಿದೆಯೆಂದು ಗೊತ್ತಿಲ್ಲದವರಿಗೆ ಈ ಕ್ರಿಯೆ ಸಾಧ್ಯವೇ ಇಲ್ಲ ಎಂಬ ನೋವು ಆ ಚಿತ್ರದ ಜೀವಾಳ.

ಈ ಕ್ರಿಯೆಯ ಬಗ್ಗೆ ಧಾರ್ಮಿಕ ಭಿನ್ನಾಭಿಪ್ರಾಯವೂ ಇದೆ. 1912ರಲ್ಲಿ ಯೋಗ್ಯಕರ್ತದಲ್ಲಿ ಹುಟ್ಟಿದ ಮುಹಮ್ಮದಿಯಾ ಸಂಘಟನೆ, ಸಾವನ್ನು ನೆನೆಯಲು ಗೋರಿಗೆ ಹೋಗುವುದನ್ನು ಒಪ್ಪಿ, ಸತ್ತವರಲ್ಲಿ ಬೇಡಿಕೊಳ್ಳುವುದನ್ನು ವಿರೋಧಿಸಿತು. 1926ರಲ್ಲಿ ಸುರಬಾಯದಲ್ಲಿ ಹುಟ್ಟಿದ ನಹ್ದತುಲ್ ಉಲಮಾ ಹಳೆಯ ಪದ್ಧತಿಯ ಕೈ ಹಿಡಿಯಿತು. ಅದರ ಮುಖಂಡರಾಗಿ, ಮುಂದೆ ರಾಷ್ಟ್ರಾಧ್ಯಕ್ಷರೂ ಆದ ಅಬ್ದುರ್ರಹ್ಮಾನ್ ವಾಹಿದ್ ಗೋರಿಗಳ ಭೇಟಿಗೆ ಹೆಸರಾದವರು. 2009ರ ಡಿಸೆಂಬರ್‌ನಲ್ಲಿ ತೀರಿಕೊಂಡ ಮೇಲೆ ಜೊಂಬಂಗ್ ಬಳಿಯ ತೆಬುಇರೆಂಗ್‌ನಲ್ಲಿರುವ ಅವರ ಸಮಾಧಿಯೇ ದೊಡ್ಡ ಜಿಯಾರಹ್ ತಾಣವಾಯಿತು.

ಕಲಬುರಗಿಯ ಜಿಯಾರತ್

ಗೇಸೂದರಾಜರು ಹುಟ್ಟಿದ್ದು 1321ರಲ್ಲಿ ದೆಹಲಿಯಲ್ಲಿ. ಚಿಶ್ತಿ ಸೂಫಿ ಪಂಥದ ನಸೀರುದ್ದೀನ್ ಚಿರಾಗ್ ದೆಹಲವಿ ಅವರ ಗುರು. 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟು ಇಳಿವಯಸ್ಸಿನಲ್ಲಿ ದಕ್ಷಿಣಕ್ಕೆ ಹೊರಟರು. ದೌಲತಾಬಾದಿನ ಬಳಿ ಖುಲ್ದಾಬಾದಿನಲ್ಲಿದ್ದ ತಂದೆಯ ಗೋರಿಯನ್ನು ಕಂಡು, ಬಹಮನಿ ಸುಲ್ತಾನ ಫಿರೋಜ್ ಶಹನ ಕಾಲದಲ್ಲಿ ಕಲಬುರಗಿಗೆ ಬಂದರು. ಅವರು ದಖನ್ನಿಗೆ ಬಂದ ದಾರಿಯಲ್ಲೇ ಒಂದು ಜಿಯಾರತ್ ಇತ್ತು.

ಕಲಬುರಗಿಯಲ್ಲಿ ಈ ಪದಕ್ಕೆ ಎರಡು ಬಳಕೆಗಳಿವೆ. ಒಂದು, ಗೇಸೂದರಾಜರ ದರ್ಗಾಕ್ಕೆ ಹೋಗಿಬರುವುದು. ಅದರಲ್ಲಿ ಮುಸಲ್ಮಾನರಷ್ಟೇ ಇಲ್ಲ. ಸುತ್ತಲ ಹಳ್ಳಿಯ ಲಿಂಗಾಯತ, ಕುರುಬ, ಕಬ್ಬಲಿಗ, ದಲಿತ ಮನೆಗಳವರೂ ಬರುತ್ತಾರೆ. ಅವರ ಬಾಯಲ್ಲಿ ಜಿಯಾರತ್ ಎಂಬ ಪದ ಕಡಿಮೆ. ‘ದರ್ಗಾಕ್ಕ ಹೋಗಿ ಸಕ್ರಿ ಓದಿಸ್ಕೊಂಡು ಬಂದ್ವಿ’ ಎನ್ನುತ್ತಾರೆ. ಸಕ್ಕರೆಯ ಮೇಲೆ ಫಾತಿಹಾ ಓದಿಸುವುದು ಆ ‘ಓದಿಸು’. ಜಿಯಾರತ್ತಿಗೆ ಕನ್ನಡ ತನ್ನೊಳಗಿನಿಂದಲೇ ತೆಗೆದುಕೊಟ್ಟ ಕ್ರಿಯಾಪದ ಇದು ಎಂದು ಹೇಳಲು ನನಗೆ ಅಳುಕಿಲ್ಲ. ಗೋರಿಗೆ ಗಲೀಫ (ಹೊದಿಕೆ) ಏರಿಸುವುದು, ಗಂಧ ಹಚ್ಚುವುದು, ಲೋಬಾನ ಹಾಕುವುದು ಅದರ ಜೊತೆಯ ಮಾತುಗಳು. ಓದಿಸಿದ ಸಕ್ಕರೆ ಮನೆಗೆ ಬಂದು ನೆರೆಹೊರೆಗೆ ಹಂಚಿಕೆಯಾಗುತ್ತದೆ. ಜಾವಾದಲ್ಲಿಯೂ ಪ್ರಾರ್ಥನೆ ಮುಗಿದ ಮೇಲೆ ಎಲೆಯಲ್ಲೋ ಡಬ್ಬಿಯಲ್ಲೋ ಕಟ್ಟಿ ಮನೆಗೆ ಒಯ್ಯುವ ಊಟಕ್ಕೆ ಹೆಸರು ‘ಬೆರ್ಕತ್’, ನಮ್ಮ ಬರಕತ್ತು.

ವಾರದ ದಿನವೂ ಒಂದೇ. ಬ್ಯಾಸ್ತವಾರವನ್ನು ದಖನಿಯಲ್ಲಿ ‘ಜುಮ್ಮೇರಾತ್’ ಎನ್ನುತ್ತಾರೆ, ಜುಮ್ಮಾದ ರಾತ್ರಿ. ಇಸ್ಲಾಮಿನ ಲೆಕ್ಕದಲ್ಲಿ ದಿನ ಸೂರ್ಯ ಮುಳುಗುವಾಗ ಶುರುವಾಗುವುದರಿಂದ ಗುರುವಾರದ ರಾತ್ರಿ ಶುಕ್ರವಾರಕ್ಕೆ ಸೇರಿದ್ದು. ಅಂದು ದರ್ಗಾದಲ್ಲಿ ಜನ ಹೆಚ್ಚು. ಇಂಡೋನೇಷ್ಯದವರು ಅದೇ ಲೆಕ್ಕದಲ್ಲಿ ಅದೇ ರಾತ್ರಿಗೆ ‘ಮಲಮ್ ಜುಮಾತ್’ ಎನ್ನುತ್ತಾರೆ, ಅಲ್ಲಿಯೂ ಗೋರಿಗಳ ಬಳಿ ಜನ ಕೂಡುವುದು ಅಂದೇ. ವರ್ಷದ ನೆನಪಿಗೆ ಮಾತ್ರ ದಾರಿ ಬೇರೆ. ಕಲಬುರಗಿಯಲ್ಲಿ ಜಿಲ್ಕಾದ ತಿಂಗಳಲ್ಲಿ ನಡೆಯುವುದು ಉರುಸು. ಅರಬ್ಬಿಯಲ್ಲಿ ಅದು ಮದುವೆ. ಸಂತ ತನ್ನ ಪ್ರಿಯನನ್ನು ಕೂಡಿದ ದಿನ. ಜಾವಾದಲ್ಲಿ ಅದಕ್ಕೆ ‘ಹೌಲ್’ ಎನ್ನುತ್ತಾರೆ. ವರ್ಷ ಎಂದಷ್ಟೇ ಅರ್ಥ.

ಇನ್ನೊಂದು ಬಳಕೆ ಇಂಡೋನೇಷ್ಯದಲ್ಲಿ ಇಲ್ಲ. ಕಲಬುರಗಿ, ಬೀದರ, ಹೈದರಾಬಾದ್ ಸೀಮೆಯಲ್ಲಿ ಜಿಯಾರತ್ ಎಂದರೆ ಸತ್ತ ಮೂರನೆಯ ದಿನದ ವಿಧಿ. ‘ನಾಳಿ ಅವರ ಅಪ್ಪಂದು ಜಿಯಾರತ್ ಅದ’ ಎಂದರೆ ದರ್ಗಾದ ಮಾತೇ ಅಲ್ಲ. ಮನೆಯವರು, ಬೀಗರು, ಓಣಿಯವರು ಸೇರಿ ಕುರಾನ್ ಓದಿ, ಖಬರಸ್ತಾನಕ್ಕೆ ಹೋಗಿ ಹೊಸ ಗೋರಿಗೆ ಹೂ ಹಾಕುವ ದಿನ ಅದು. ಜಾಫರ್ ಶರೀಫ್ ದಖನ್ನಿನ ಮುಸಲ್ಮಾನರ ಆಚಾರಗಳ ಬಗ್ಗೆ ಬರೆದು 1832ರಲ್ಲಿ ಇಂಗ್ಲಿಷಿನಲ್ಲಿ ಬಂದ ‘ಕಾನೂನೆ ಇಸ್ಲಾಂ’ ಗ್ರಂಥದಲ್ಲಿ ಈ ವಿಧಿಗೆ ತೀಜಾ, ಜಿಯಾರತ್, ಫೂಲ್ ಚಢಾನಾ ಎಂಬ ಮೂರು ಹೆಸರುಗಳಿವೆ. ಕೊನೆಯದರ ಅರ್ಥ ಹೂ ಏರಿಸುವುದು. ಜಾವಾದ ನ್ಯೆಕರ್ ಹೇಳುವುದೂ ಇದನ್ನೇ. ಅದೇ ಮೂರನೆಯ ದಿನ ಪಕ್ಕದ ಓಣಿಯ ಹಿಂದೂ ಮನೆಗಳಲ್ಲಿ ಹಾಲು-ತುಪ್ಪ ಬಿಡಲು ಸಮಾಧಿಗೆ ಹೋಗುತ್ತಾರೆ. ಅರಬ್ಬಿಯಿಂದ ಬಂದ ಪದ ದಖನ್ನಿನ ಮೂರನೆಯ ದಿನಕ್ಕೆ ಕಚ್ಚಿಕೊಂಡದ್ದು ಈ ನೆರೆಯಲ್ಲಿಯೇ.

ಹಜ್ ಯಾತ್ರೆಯ ಕಾಲದಲ್ಲಿ ಎರಡು ಕವಲುಗಳೂ ಒಂದೇ ಊರಿನಲ್ಲಿ ಎದುರಾಗುತ್ತವೆ. 2024ರಲ್ಲಿ ಇಂಡೋನೇಷ್ಯಕ್ಕೆ 2,41,000, ಭಾರತಕ್ಕೆ 1,75,025 ಯಾತ್ರಿಗಳ ಪಾಲು ಸಿಕ್ಕಿತ್ತು. ಮದೀನದಲ್ಲಿ ಕುಬಾ ಮಸೀದಿ, ಎರಡು ಕಿಬ್ಲಾಗಳ ಮಸೀದಿ, ಉಹುದ್ ಬೆಟ್ಟದಡಿಯ ಹುತಾತ್ಮರ ಗೋರಿಗಳನ್ನು ತೋರಿಸುವ ಬಸ್ಸಿನ ಸುತ್ತಾಟಕ್ಕೆ ಕಲಬುರಗಿಯವರೂ ಜಿಯಾರತ್ ಎನ್ನುತ್ತಾರೆ, ಸುರಬಾಯದವರೂ ಜಿಯಾರಹ್ ಎನ್ನುತ್ತಾರೆ. ಬಸ್ಸು ಹೊರಡುವ ಮುನ್ನ ಹೋಟೆಲಿನ ಬಾಗಿಲಲ್ಲಿ ಆ ಒಂದು ಪದ ಕೂಗಿದರೆ ಎರಡೂ ಕಡೆಯವರು ಎದ್ದುಬರುತ್ತಾರೆ.